28 ಮನೆಯೋ, 80 ಮನೆಯೋ

ಪುಣೆ, ನಾಸಿಕ್, ನವಿ ಮುಂಬೈ ಕಡೆ ‘ರೋ ಹೌಸ್’ ಎಂಬ ಮಾತು ಮರಾಠಿಯೊಳಗೇ ಸೇರಿಹೋಗಿದೆ. ಸಾಲಾಗಿ ನಿಂತ, ಪಕ್ಕದ ಮನೆಯೊಂದಿಗೆ ಗೋಡೆ ಹಂಚಿಕೊಂಡ, ಮುಂದೊಂದು ಗೇಟು, ಹಿಂದೆ ನಾಲ್ಕು ಕುಂಡ ಇಡುವಷ್ಟು ಹಿತ್ತಲು ಇರುವ ಎರಡು ಅಂತಸ್ತಿನ ಮನೆ. ಬಂಗಲೆಯೂ ಅಲ್ಲ, ಫ್ಲ್ಯಾಟೂ ಅಲ್ಲ. ಬೆಂಗಳೂರಿನವರ ಮನಸ್ಸಿನಲ್ಲಿ 30×40 ಸೈಟಿಗೆ ಇರುವ ಜಾಗ ಪುಣೆಯ ಮಧ್ಯಮ ವರ್ಗದವರ ಮನಸ್ಸಿನಲ್ಲಿ ರೋ ಹೌಸಿಗೆ ಇದೆ. ತಲೆಯ ಮೇಲೆ ಇನ್ನೊಬ್ಬರ ಓಡಾಟವಿಲ್ಲ, ಕಾಲ ಕೆಳಗೆ ತನ್ನದೇ ನೆಲ.

ಪುಣೆಯ ಅಂಚಿನ ಒಂದು ಲೇಔಟಿನಲ್ಲಿ ಇಂಥ 36 ಮನೆಗಳಿವೆ. 2017ರಲ್ಲಿ 11 ಹಳ್ಳಿಗಳು, 2021ರಲ್ಲಿ ಇನ್ನೂ 23 ಹಳ್ಳಿಗಳು ಪಾಲಿಕೆಗೆ ಸೇರಿದ ಮೇಲೆ ಊರು ಎಲ್ಲಿ ಮುಗಿಯುತ್ತದೆ ಎಂದು ಹೇಳುವುದೇ ಕಷ್ಟ. ಈ ಲೇಔಟೂ ಅಂಥ ಕಡೆಯೇ ಇದೆ. ಅದರ ಪಕ್ಕದಲ್ಲಿ ಒಂದೂಕಾಲು ಎಕರೆ ಖಾಲಿ ಜಾಗ. ಮಂಜೂರಾದ ನಕ್ಷೆಯ ಪ್ರಕಾರ ಅದು ಎರಡನೇ ಹಂತ. ಅಲ್ಲಿ ಇನ್ನೂ 28 ರೋ ಹೌಸ್ ಬರಬೇಕಿತ್ತು. ವರ್ಷಗಳು ಕಳೆದರೂ ಬರಲಿಲ್ಲ. ಈಗ ಬಿಲ್ಡರ್ ಬೇರೆ ನಕ್ಷೆ ಹಿಡಿದು ಬಂದಿದ್ದಾನೆ: ಕೆಳಗೆ ಪಾರ್ಕಿಂಗ್, ಮೇಲೆ ಐದು ಅಂತಸ್ತು, ಒಟ್ಟು 80 ಫ್ಲ್ಯಾಟು, ಒಂದೊಂದೂ ಸುಮಾರು 60 ಚದರ ಮೀಟರ್.

ಸಾಮಾನ್ಯವಾಗಿ ಈ ದೇಶದಲ್ಲಿ ಪಕ್ಕದ ಜಾಗದಲ್ಲಿ ಏನು ಕಟ್ಟಬೇಕೆಂದು ನೆರೆಯವರನ್ನು ಯಾರೂ ಕೇಳುವುದಿಲ್ಲ. ನಿಯಮಕ್ಕೆ ಸರಿಯಾಗಿದ್ದರೆ ಪಾಲಿಕೆ ಒಪ್ಪಿಗೆ ಕೊಡುತ್ತದೆ. ಇಲ್ಲಿ ಮಾತ್ರ ಕೇಳಲೇಬೇಕು. ಎರಡೂ ಹಂತಗಳು ಒಂದೇ ಯೋಜನೆಯವು, ಮತ್ತು 2016ರ ರೇರಾ ಕಾಯ್ದೆಯ 14ನೇ ಕಲಮು ಹೇಳುವಂತೆ ಮಂಜೂರಾದ ನಕ್ಷೆಯನ್ನು ಹೀಗೆ ಬದಲಾಯಿಸಲು ಮನೆ ಕೊಂಡವರಲ್ಲಿ ಮೂರನೇ ಎರಡರಷ್ಟು ಜನ ಬರವಣಿಗೆಯಲ್ಲಿ ಒಪ್ಪಬೇಕು. 36ರಲ್ಲಿ 24 ಸಹಿ. ಆ 24 ಸಹಿಗಾಗಿ ಒಂದು ಭಾನುವಾರ ಸಭೆ ಸೇರಿತು.

ಸಭೆಯಲ್ಲಿ ಬಂದ ಮಾತುಗಳು ಯಾವ ಊರಿನ ಸೊಸೈಟಿಯಲ್ಲೂ ಬರುವಂಥವೇ. ನೀರು ಸಾಲದು. ರಸ್ತೆ ಒಂಬತ್ತು ಮೀಟರಿನದು, ಸಂಜೆ ಆರಕ್ಕೆ ಈಗಲೇ ಸ್ಕೂಲ್ ಬಸ್ ತಿರುಗುವುದಿಲ್ಲ. ಐದನೇ ಮಹಡಿಯಿಂದ ಹಿತ್ತಲು ಕಾಣುತ್ತದೆ. ಕೊನೆಗೆ ದನಿ ತಗ್ಗಿಸಿ ಒಬ್ಬರು ಹೇಳಿದ ಮಾತು: ‘ಎಂಥ ಜನ ಬರುತ್ತಾರೋ ಏನೋ.’ ಬಿಲ್ಡರ್ ಕಡೆಯವನ ಬಳಿ ಒಂದೇ ಉತ್ತರವಿತ್ತು. ‘ಪರವಡಣಾರಿ ಘರೆ.’ ಕೈಗೆಟುಕುವ ಮನೆಗಳು.

ಆ ಸಭೆಯಲ್ಲಿ ನೀರಿನ ವಿಷಯ ಎತ್ತಿದವರು ಹುಬ್ಬಳ್ಳಿ ಮೂಲದ ಒಬ್ಬ ನಿವೃತ್ತರು. ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ 31 ವರ್ಷ ದುಡಿದು, ಪಿಎಫ್ ಹಣದ ದೊಡ್ಡ ಪಾಲನ್ನು ಈ ಮನೆಗೆ ಹಾಕಿದವರು. ಅವರ ಲೆಕ್ಕ ಕಾಗದದ ಮೇಲಿತ್ತು. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ನಗರಗಳ ನೀರು ಪೂರೈಕೆಯಲ್ಲಿ ಬಳಸುವ ಅಳತೆ. ಮನೆಗೆ ನಾಲ್ಕು ಜನರಂತೆ ಹಿಡಿದರೆ 28 ಮನೆಗೆ ದಿನಕ್ಕೆ ಸುಮಾರು 15,000 ಲೀಟರ್, 80 ಮನೆಗೆ 43,000 ಲೀಟರ್. 10,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಒಂದೂವರೆ ಟ್ಯಾಂಕರ್ ಬದಲು ನಾಲ್ಕಕ್ಕಿಂತ ಹೆಚ್ಚು. ಖಡಕ್‌ವಾಸ್ಲಾ, ಪಾನ್‌ಶೆತ್, ವರಸಗಾಂವ್, ಟೇಮ್‌ಘರ್ ಅಣೆಕಟ್ಟುಗಳು ತುಂಬಿದ ವರ್ಷವೂ ಊರಂಚಿನ ಲೇಔಟುಗಳು ಟ್ಯಾಂಕರಿಗೆ ಕಾಯುತ್ತವೆ ಎಂಬುದು ಪುಣೆಯ ಯಾರಿಗೂ ಹೊಸ ಸುದ್ದಿಯಲ್ಲ. ಅಂದು ಬಿಲ್ಡರಿಗೆ ಸಿಕ್ಕ ಸಹಿ 11.

ರಾತ್ರಿ ಮಗಳ ಫೋನ್ ಬಂತು. ಅವಳೂ ಅವಳ ಗಂಡನೂ ಊರಿನ ಇನ್ನೊಂದು ತುದಿಯಲ್ಲಿ ಎರಡು ಕೋಣೆಯ ಬಾಡಿಗೆ ಫ್ಲ್ಯಾಟಿನಲ್ಲಿದ್ದಾರೆ. ಸಭೆಯ ಕಥೆ ಕೇಳಿ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪಾ, ನೀವು ಬ್ಯಾಡ ಅಂದ ಎಂಬತ್ತು ಮನಿಯೊಳಗ ಒಂದು ನಮ್ಮದೂ ಇರ್ತಿತ್ತು” ಅಂದಳು.

“ಹಂಗಲ್ಲವ್ವಾ, ನೀರಿಂದು ನೋಡಬೇಕಲ್ಲ.”

“ನೀರು ನಾವು ಇಲ್ಲೂ ಕುಡೀತೀವಿ ಅಪ್ಪಾ. ಅಲ್ಲಿ ಬಂದ್ರ ಹೆಚ್ಚಿಗಿ ಕುಡಿಯಂಗಿಲ್ಲ.”

ಅಪ್ಪನ ಬಳಿ ಇದಕ್ಕೆ ಉತ್ತರವಿರಲಿಲ್ಲ. ಟ್ಯಾಂಕರಿನ ಲೆಕ್ಕ ಸರಿಯಾಗಿತ್ತು, ಮಗಳ ಮಾತೂ ಸರಿಯಾಗಿತ್ತು. ಲೇಔಟಿನ ಲೆಕ್ಕದಲ್ಲಿ 80 ಎಂದರೆ ಹೊರೆ. ಊರಿನ ಲೆಕ್ಕದಲ್ಲಿ ಆ ಜನ ಈಗಾಗಲೇ ಊರಿನಲ್ಲಿದ್ದಾರೆ, ಅಷ್ಟೇ ನೀರು ಬಳಸುತ್ತಿದ್ದಾರೆ, ಬಾಡಿಗೆ ಕಟ್ಟುತ್ತಿದ್ದಾರೆ, ಕೆಲಸಕ್ಕೆ ದೂರದಿಂದ ಬಂದು ಅದೇ ರಸ್ತೆಗಳನ್ನು ತುಂಬುತ್ತಿದ್ದಾರೆ. ಮನೆ ಕಟ್ಟದಿದ್ದರೆ ಅವರು ಇಲ್ಲವಾಗುವುದಿಲ್ಲ, ಇನ್ನಷ್ಟು ದೂರ ಹೋಗುತ್ತಾರೆ.

ಕನ್ನಡದಲ್ಲಿ ಈ ವಾದ ಶುರುವಾಗುವ ಮೊದಲೇ ಪದಗಳು ಒಂದು ಕಡೆ ವಾಲಿರುತ್ತವೆ. ‘ದಟ್ಟಣೆ’ ಎಂದ ಕೂಡಲೇ ನೆನಪಾಗುವುದು ‘ಸಂಚಾರ ದಟ್ಟಣೆ’. ಪತ್ರಿಕೆಗಳಲ್ಲಿ ಆ ಪದ ಬರುವುದೇ ದೂರಿನ ಜೊತೆ. ‘ಜನಸಾಂದ್ರತೆ’ ಭೂಗೋಳದ ಪಠ್ಯಪುಸ್ತಕದಿಂದ ಆಚೆ ಹೆಚ್ಚು ಬಂದಿಲ್ಲ. ಮಾವಿನ ತೋಪು ದಟ್ಟವಾಗಿದ್ದರೆ ಸಂತೋಷ, ಕಾಡು ದಟ್ಟವಾಗಿದ್ದರೆ ಹೆಮ್ಮೆ, ಮನೆಗಳು ದಟ್ಟವಾದರೆ ಮಾತ್ರ ಇಕ್ಕಟ್ಟು. ‘ಕೈಗೆಟುಕುವ’ ಎಂಬುದರ ಕಷ್ಟ ಬೇರೆ. ಯಾರ ಕೈ ಎಂದು ಅದು ಹೇಳುವುದಿಲ್ಲ. ಮರಾಠಿಯ ‘ಪರವಡಣೆ’ ತರಕಾರಿ ಚೌಕಾಸಿಯಲ್ಲಿ ದಿನವೂ ಬಳಸುವ ಮಾತು. ನನಗೆ ಗಿಟ್ಟುತ್ತದೆಯೇ ಇಲ್ಲವೇ ಎಂಬ ಪ್ರಶ್ನೆ ಅದರೊಳಗೇ ಇದೆ. ಕನ್ನಡದ ಪದದಲ್ಲಿ ಹಣ್ಣು ಮೇಲಿದೆ, ಕೊಂಬೆ ಬಾಗಿದೆಯೋ ಕೈ ಉದ್ದವಾಗಿದೆಯೋ ತಿಳಿಯದು.

ಸರ್ಕಾರ ಒಂದು ಅಳತೆ ಕೊಟ್ಟಿದೆ. ಜಿಎಸ್‌ಟಿ ಲೆಕ್ಕದಲ್ಲಿ 45 ಲಕ್ಷ ರೂಪಾಯಿಯೊಳಗಿನ, ಮಹಾನಗರಗಳಲ್ಲಿ 60 ಮತ್ತು ಉಳಿದೆಡೆ 90 ಚದರ ಮೀಟರ್ ಕಾರ್ಪೆಟ್ ಏರಿಯಾದೊಳಗಿನ ಮನೆ ಕೈಗೆಟುಕುವ ಮನೆ. ಅದಕ್ಕೆ 2019ರ ಏಪ್ರಿಲ್‌ನಿಂದ ಶೇ. 1ರಷ್ಟು ತೆರಿಗೆ, ಕಟ್ಟುತ್ತಿರುವ ಉಳಿದ ಮನೆಗಳಿಗೆ ಶೇ. 5. ಈ ಪಟ್ಟಿಯಲ್ಲಿ ಮುಂಬೈ, ದೆಹಲಿ, ಚೆನ್ನೈ, ಹೈದರಾಬಾದ್, ಬೆಂಗಳೂರು, ಕೋಲ್ಕತ್ತ ಮಹಾನಗರಗಳು. ಪುಣೆ ‘ಉಳಿದೆಡೆ’ಗೆ ಸೇರುತ್ತದೆ.

45 ಲಕ್ಷದ ಮನೆಯನ್ನು ಒಂದು ಸಂಬಳದ ಎದುರು ಇಟ್ಟು ನೋಡಬಹುದು. ಕೈಯಿಂದ 9 ಲಕ್ಷ, ಬ್ಯಾಂಕಿನಿಂದ 36 ಲಕ್ಷ. ಶೇ. 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳ ಕಂತು ಸುಮಾರು 31,000 ರೂಪಾಯಿ. ಸಂಬಳದ ಮೂರನೇ ಒಂದು ಪಾಲು ಕಂತಿಗೆ ಹೋಗಬಹುದು ಎಂದುಕೊಂಡರೆ ಮನೆಯ ಆದಾಯ ತಿಂಗಳಿಗೆ 94,000, ವರ್ಷಕ್ಕೆ 11 ಲಕ್ಷ ದಾಟಬೇಕು. ಇದೇ ಸರ್ಕಾರದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಎರಡನೇ ನಗರ ಆವೃತ್ತಿಯಲ್ಲಿ ಮಧ್ಯಮ ಆದಾಯದ ಗುಂಪಿನ ಮೇಲಿನ ಮಿತಿ ವರ್ಷಕ್ಕೆ 9 ಲಕ್ಷ. ಒಂದು ಇಲಾಖೆ ಕೈಗೆಟುಕುವುದು ಎಂದ ಮನೆ ಇನ್ನೊಂದು ಇಲಾಖೆ ಮಧ್ಯಮ ವರ್ಗ ಎಂದವರ ಕೈಗೆ ಎಟುಕುವುದಿಲ್ಲ.

ಹಾಗಾದರೆ 80 ಮನೆಯಿಂದ ಏನಾದರೂ ಅಗ್ಗವಾಗುತ್ತದೆಯೇ? ನಿಶ್ಚಯವಾಗಿ ಆಗುವುದು ಒಂದೇ, ನೆಲದ ಬೆಲೆ ಹೆಚ್ಚು ಬಾಗಿಲುಗಳ ನಡುವೆ ಹಂಚಿಹೋಗುತ್ತದೆ. ಲೆಕ್ಕಕ್ಕೆಂದು ಆ ಜಾಗದ ಬೆಲೆ 12 ಕೋಟಿ ಎಂದಿಟ್ಟುಕೊಂಡರೆ, 28 ಮನೆಗೆ ಹಂಚಿದಾಗ ಒಂದಕ್ಕೆ ಸುಮಾರು 43 ಲಕ್ಷ. ಇನ್ನೂ ಒಂದು ಇಟ್ಟಿಗೆ ಇಟ್ಟಿಲ್ಲ. 80ಕ್ಕೆ ಹಂಚಿದರೆ 15 ಲಕ್ಷ. ರೋ ಹೌಸನ್ನು ಯಾವ ಬಿಲ್ಡರ್ ಎಷ್ಟೇ ಒಳ್ಳೆಯ ಮನಸ್ಸಿನಿಂದ ಕಟ್ಟಿದರೂ ಆ ನೆಲದಲ್ಲಿ ಅದು ಅಗ್ಗವಾಗಲಾರದು. ಆದರೆ 80 ಮನೆ ಕಟ್ಟಿದ ಮಾತ್ರಕ್ಕೆ ಉಳಿದ 28 ಲಕ್ಷ ಕೊಳ್ಳುವವರ ಜೇಬಿಗೆ ಬರುತ್ತದೆ ಎಂದೂ ಇಲ್ಲ. ಬಿಲ್ಡರ್ ಅದನ್ನು ಲಾಭವಾಗಿ ಉಳಿಸಿಕೊಳ್ಳಬಹುದು. ಹೆಚ್ಚು ಕಟ್ಟಲು ಒಪ್ಪಿಗೆ ಸಿಗುತ್ತದೆ ಎಂದು ಗೊತ್ತಾದ ದಿನವೇ ನೆಲದ ಯಜಮಾನ ಬೆಲೆ ಏರಿಸಬಹುದು. ಹೂಡಿಕೆಗೆಂದು ಕೊಂಡು ಬೀಗ ಹಾಕಿಡುವವರೂ ಇದ್ದಾರೆ. 2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ ಸುಮಾರು 1.1 ಕೋಟಿ ಖಾಲಿ ಮನೆಗಳು ಸಿಕ್ಕವು. ಮರುವರ್ಷ ಕೇಂದ್ರದ ತಜ್ಞರ ತಂಡ ನಗರಗಳಲ್ಲಿ ಸುಮಾರು 1.88 ಕೋಟಿ ಮನೆಗಳ ಕೊರತೆಯಿದೆ ಎಂದಿತು. ಆ ಕೊರತೆಯ ಬಹುಪಾಲು ಬೀದಿಯಲ್ಲಿ ಮಲಗುವವರದಲ್ಲ, ಒಂದೇ ಮನೆಯಲ್ಲಿ ಇಕ್ಕಟ್ಟಾಗಿ ಬದುಕುವ ಕುಟುಂಬಗಳದು. ಬೀದಿಯಿಂದ ಕಾಣುವ ದಟ್ಟಣೆಯ ಬಗ್ಗೆ ಸಭೆಗಳಾಗುತ್ತವೆ. ಕೋಣೆಯೊಳಗಿನ ದಟ್ಟಣೆಗೆ ಸಭೆಯಿಲ್ಲ.

ಘಟ್ಟದ ಆಚೆಯ ಮುಂಬೈಯಲ್ಲಿ ಈ ಚರ್ಚೆ ದಶಕಗಳಿಂದ ನಡೆದಿದೆ. ಅಲ್ಲಿ ಅದರ ಹೆಸರು ಎಫ್‌ಎಸ್‌ಐ, ಅಂದರೆ ನಿವೇಶನದ ವಿಸ್ತಾರಕ್ಕೆ ಎಷ್ಟು ಪಟ್ಟು ಕಟ್ಟಬಹುದು ಎಂಬ ಲೆಕ್ಕ. 1991ರ ನಿಯಮಗಳು ಹಳೆಯ ನಗರಕ್ಕೆ 1.33, ಉಪನಗರಕ್ಕೆ 1 ಎಂದು ಗೆರೆ ಹಾಕಿದವು. ಇಷ್ಟು ಜನರಿರುವ ಊರಿನಲ್ಲಿ ಇಷ್ಟು ಕಡಿಮೆ ಕಟ್ಟಲು ಬಿಟ್ಟದ್ದರಿಂದಲೇ ಮನೆ ದುಬಾರಿಯಾಯಿತು ಎಂದು ನಗರ ಅರ್ಥಶಾಸ್ತ್ರದ ಅಲೈನ್ ಬರ್ತೋ ವಾದಿಸಿದರು. ನವಿ ಮುಂಬೈಯನ್ನು ಮೊದಲು ಕಲ್ಪಿಸಿದ ಮೂವರಲ್ಲಿ ಒಬ್ಬರಾದ ಎಂಜಿನಿಯರ್ ಶಿರೀಷ್ ಪಟೇಲ್ ಒಪ್ಪಲಿಲ್ಲ. ಮ್ಯಾನ್‌ಹಟನ್ನಿನ ಗೋಪುರಗಳನ್ನು ತೋರಿಸಿ ಮುಂಬೈಗೂ ಹಾಗೇ ಬೇಕು ಎನ್ನಬೇಡಿ, ಅಲ್ಲಿ ಒಬ್ಬೊಬ್ಬರಿಗೂ ಸಿಗುವ ನೆಲಹಾಸು ದೊಡ್ಡದು, ಇಲ್ಲಿ ಅಂಗೈಯಷ್ಟು. ಅಷ್ಟೇ ಎತ್ತರದ ಕಟ್ಟಡದಲ್ಲಿ ಇಲ್ಲಿ ಹಲವು ಪಟ್ಟು ಜನ ಇರುತ್ತಾರೆ, ಅವರೆಲ್ಲ ಇಳಿದು ಬರುವ ಬೀದಿ, ಶಾಲೆ, ಮೈದಾನ ಎಲ್ಲಿವೆ ಎಂಬುದು ಅವರ ವಾದದ ತಿರುಳು. ಲೇಔಟಿನ ಸಭೆಯಲ್ಲಿ ಇಬ್ಬರ ಹೆಸರೂ ಬರಲಿಲ್ಲ, ಇಬ್ಬರ ವಾದವೂ ಬಂತು.

ಇಬ್ಬರ ನಡುವೆ ಒಂದು ಮೂರನೆಯ ಉತ್ತರ ಬೇಲಾಪುರದಲ್ಲಿದೆ. ನವಿ ಮುಂಬೈ ಕಲ್ಪಿಸಿದ ಮೂವರಲ್ಲಿ ಇನ್ನೊಬ್ಬರಾದ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ 1980ರ ದಶಕದಲ್ಲಿ ಸಿಡ್ಕೋಗಾಗಿ ಅಲ್ಲೊಂದು ಬಡಾವಣೆ ಮಾಡಿದರು. ಸುಮಾರು 6 ಹೆಕ್ಟೇರಿನಲ್ಲಿ ಸುಮಾರು 550 ಕುಟುಂಬಗಳು. ಏಳು ಮನೆಗಳಿಗೆ ಒಂದು ಸಣ್ಣ ಅಂಗಳ, ಅಂಥ ಮೂರು ಗುಂಪಿಗೆ ಇನ್ನೂ ದೊಡ್ಡ ಅಂಗಳ, ಹೀಗೆ ಬೆಳೆಯುತ್ತ ಹೋಗುವ ವಿನ್ಯಾಸ. ಬಡವರ ನಿವೇಶನಕ್ಕೂ ಅನುಕೂಲಸ್ಥರ ನಿವೇಶನಕ್ಕೂ ಅಂಥ ಅಂತರವಿರಲಿಲ್ಲ; 45ರಿಂದ 75 ಚದರ ಮೀಟರಿನೊಳಗೆ ಎಲ್ಲವೂ. ಯಾವ ಮನೆಗೂ ನೆರೆಯ ಮನೆಯೊಂದಿಗೆ ಒಂದೇ ಗೋಡೆ ಇರಲಿಲ್ಲ. ಹಣ ಬಂದಾಗ ಒಂದು ಕೋಣೆ ಸೇರಿಸಲು ಪಕ್ಕದವರ ಅಪ್ಪಣೆ ಬೇಡ ಎಂಬ ಕಾರಣಕ್ಕೆ. ಇದೇ ದಶಕದಲ್ಲಿ ಬಾಲಕೃಷ್ಣ ದೋಶಿ ಇಂದೋರಿನ ಅರಣ್ಯ ಬಡಾವಣೆಯಲ್ಲಿ ಸುಮಾರು 6,500 ನಿವೇಶನಗಳಿಗೆ ಇದೇ ದಾರಿ ಹಿಡಿದರು. ಅತಿ ಬಡವರಿಗೆ ಅಡಿಪಾಯ, ನಲ್ಲಿ, ಶೌಚಾಲಯ ಕೊಟ್ಟು ಉಳಿದದ್ದನ್ನು ಅವರವರ ಕೈಗೆ ಬಿಡುವ ದಾರಿ.

ಬೇಲಾಪುರದ ಪ್ರಮಾಣವನ್ನು ಪುಣೆಯ ಆ ಒಂದೂಕಾಲು ಎಕರೆಗೆ ಇಳಿಸಿದರೆ ಸುಮಾರು 46 ಮನೆ. 28ಕ್ಕೂ 80ಕ್ಕೂ ನಡುವೆ. ಎಲ್ಲ ಮನೆಗೂ ನೆಲವಿದೆ, ಆಕಾಶವಿದೆ, ಲಿಫ್ಟಿನ ಖರ್ಚಿಲ್ಲ. ಮುಖ್ಯವಾಗಿ, ಇಡೀ ಮನೆಯ ಬೆಲೆಯನ್ನು ಮೊದಲ ದಿನವೇ ಕೊಡಬೇಕಿಲ್ಲ. ಕೈಗೆಟುಕುವುದು ಎಂಬ ಮಾತಿಗೆ ಇದಕ್ಕಿಂತ ಪ್ರಾಮಾಣಿಕ ಅರ್ಥ ಸಿಗುವುದು ಕಷ್ಟ. ಇಂದು ಒಂದು ಕೋಣೆ, ಐದು ವರ್ಷಕ್ಕೆ ಇನ್ನೊಂದು, ಮಗಳ ಮದುವೆಯಾದ ಮೇಲೆ ಮಾಳಿಗೆ. ಕರ್ನಾಟಕದ ಊರುಗಳಲ್ಲಿ ಮನೆಗಳು ಬೆಳೆದದ್ದೂ ಹೀಗೇ. ಹಳೆಯ ಬೆಂಗಳೂರು ಮೈಸೂರುಗಳ ವಠಾರ, ಪುಣೆಯ ಪೇಠೆಗಳ ವಾಡೆ, ಎರಡರಲ್ಲೂ ಜನ ಒತ್ತೊತ್ತಾಗಿದ್ದರು, ಕಟ್ಟಡ ಮಾತ್ರ ಕುಳ್ಳಾಗಿತ್ತು.

ಆದರೆ ಬೇಲಾಪುರದ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಇಂದು ಅಲ್ಲಿಗೆ ಹೋದವರಿಗೆ ಕೊರಿಯಾರ ಹೆಂಚಿನ ಮನೆಗಳು ಅಲ್ಲಲ್ಲಿ ಮಾತ್ರ ಕಾಣುತ್ತವೆ. ಬಹಳಷ್ಟನ್ನು ಕೆಡವಿ ಇನ್ನೂ ದೊಡ್ಡ, ಕಾಂಕ್ರೀಟಿನ ಮನೆ ಕಟ್ಟಲಾಗಿದೆ. ಬೆಳೆಯಲು ಬಿಟ್ಟ ಮನೆ ಬೆಳೆಯಿತು, ಬೆಲೆಯೂ ಬೆಳೆಯಿತು. ಮೊದಲು ಬಂದವರಿಗೆ ಅದು ಎಟುಕಿತು, ನಂತರದವರಿಗೆ ಇಲ್ಲ. ವಿನ್ಯಾಸ ಎಷ್ಟೇ ಒಳ್ಳೆಯದಿರಲಿ, ಮುಂದೆ ಬರುವವರಿಗಾಗಿ ಮತ್ತೆ ಮತ್ತೆ ಹೊಸ ಮನೆ ಕಟ್ಟದಿದ್ದರೆ ಇದ್ದ ಮನೆ ದುಬಾರಿಯಾಗುತ್ತದೆ.

ಕಾನೂನು ಇದನ್ನು ಮರೆತಿಲ್ಲ ಎಂಬುದಕ್ಕೆ ಮಹಾರಾಷ್ಟ್ರದಲ್ಲಿ ಒಂದು ನಿಯಮವಿದೆ. 10 ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ 4,000 ಚದರ ಮೀಟರ್ ಅಥವಾ ಅದಕ್ಕೂ ದೊಡ್ಡ ಜಾಗದಲ್ಲಿ ಕಟ್ಟುವವರು ಶೇ. 20ರಷ್ಟನ್ನು ಕಡಿಮೆ ಆದಾಯದವರ ಸಣ್ಣ ಮನೆಗಳಿಗೆ ಬಿಡಬೇಕು. ಅವು ಮ್ಹಾಡಾ ಲಾಟರಿಯ ಮೂಲಕ ಹಂಚಿಕೆಯಾಗುತ್ತವೆ. ಒಂದು ಎಕರೆ ಎಂದರೆ 4,047 ಚದರ ಮೀಟರ್. ಗೆರೆ ಎಷ್ಟು ಹತ್ತಿರವಿದೆ, ಅದರ ಈಚೆಯೇ ನಿಲ್ಲುವ ಆಸೆ ಎಷ್ಟು ಸಹಜ ಎಂದು ಊಹಿಸಬಹುದು. ಪುಣೆಯ ಆ ಲೇಔಟಿನ ಹಳೆಯ ನಕ್ಷೆಯಲ್ಲೂ ಈ ಸಣ್ಣ ಮನೆಗಳ ಕಟ್ಟಡವಿತ್ತು. ಹಿಂಬದಿಯ ತುಂಡು ಜಾಗದಲ್ಲಿ, ಹಿಂದಿನ ರಸ್ತೆಗೆ ತೆರೆಯುವ ಬೇರೆ ಗೇಟಿನೊಂದಿಗೆ. ಮನೆ ಕೊಳ್ಳುವಾಗ 36 ಮನೆಯವರೂ ಆ ನಕ್ಷೆಗೆ ಸಹಿ ಹಾಕಿದ್ದರು. ಯಾರೂ ಅದನ್ನು ಗಮನಿಸಿರಲಿಲ್ಲ.

ಗಮನಿಸಿದ್ದು ನಿವೃತ್ತರ ಹೆಂಡತಿ. ಗಂಡ ಊಟದ ಮೇಜಿನ ಮೇಲೆ ಎರಡೂ ನಕ್ಷೆ ಹರಡಿಕೊಂಡು ಕೂತಿದ್ದಾಗ ಹಿಂದಿನ ಗೇಟಿನ ಮೇಲೆ ಬೆರಳಿಟ್ಟು, “ನೋಡ್ರಿ, ಇವರಿಗೆ ನಮ್ಮ ಬಾಗಿಲದಾಗ ಬರಬ್ಯಾಡ್ರಿ ಅಂದಂಗಾತಲ್ಲ ಇದು?” ಅಂದರು. ಆಮೇಲೆ, “ಹುಬ್ಬಳ್ಳಿ ಕ್ವಾರ್ಟರ್ಸ್‌ನ್ಯಾಗ ಆಜೂಬಾಜೂ ಯಾರದಾರ ಅಂತ ಕೇಳಿ ನಿಮ್ಮಪ್ಪಾರು ಮನಿ ತಗೊಂಡಿದ್ರೇನು?”

ಅವರ ಮಾವ ರೈಲ್ವೆ ವರ್ಕ್‌ಶಾಪಿನಲ್ಲಿದ್ದವರು. ಗಂಡ ಬೆಳೆದದ್ದು ರೈಲ್ವೆ ಕ್ವಾರ್ಟರ್ಸಿನಲ್ಲಿ, ಅಂದರೆ ಹೆಸರೊಂದನ್ನು ಬಿಟ್ಟು ಎಲ್ಲ ರೀತಿಯಲ್ಲೂ ರೋ ಹೌಸಿನಲ್ಲೇ. ಒಂದೇ ಗೋಡೆ, ಆಚೆ ಒಗ್ಗರಣೆ ಹಾಕಿದರೆ ಈಚೆ ಕೆಮ್ಮು. ಎರಡು ಕೋಣೆಯಲ್ಲಿ ಏಳು ಜನ. ಅದನ್ನು ಅವರು ಎಂದೂ ದಟ್ಟಣೆ ಎಂದು ಕರೆದಿರಲಿಲ್ಲ.

ಎರಡನೇ ಸಭೆಗೆ ಅವರು ಒಂದು ಪತ್ರ ತಂದರು. ಒಪ್ಪಿಗೆಗೆ ಷರತ್ತುಗಳು. 80 ಫ್ಲ್ಯಾಟುಗಳಲ್ಲಿ ಅರ್ಧದಷ್ಟಾದರೂ 50 ಚದರ ಮೀಟರಿನೊಳಗೆ ಇರಬೇಕು, ದೊಡ್ಡದು ಮಾಡಿ ಸಂಖ್ಯೆ ಇಳಿಸಕೂಡದು. ಪಾಲಿಕೆಯ ನೀರು ಬರುವವರೆಗೆ ಟ್ಯಾಂಕರಿನ ಖರ್ಚು ಬಿಲ್ಡರಿನದು, ಬರೆದುಕೊಡಬೇಕು. ಶೇ. 20ರ ಮನೆಗಳಿಗೂ ಉಳಿದವರಿಗೂ ಒಂದೇ ಗೇಟು. ನಕ್ಷೆಯಲ್ಲಿ ತೋರಿಸಿದ ಮೈದಾನ ಮೈದಾನವಾಗಿಯೇ ಉಳಿಯಬೇಕು.

ಎರಡೂ ಕಡೆಯವರಿಗೆ ಪತ್ರ ಹಿಡಿಸಲಿಲ್ಲ. ವಿರೋಧಿಸುತ್ತಿದ್ದವರಿಗೆ ಅದು ಒಪ್ಪಿಗೆಯಂತೆ ಕಂಡಿತು. ಬಿಲ್ಡರಿಗೆ ಮೊದಲನೆಯ ಷರತ್ತು ನುಂಗಲಾರದ ತುತ್ತು. ಸಣ್ಣ ಮನೆ ಎಂದರೆ ಹೆಚ್ಚು ಅಡುಗೆಮನೆ, ಹೆಚ್ಚು ಬಚ್ಚಲು, ಕಡಿಮೆ ಲಾಭ. ‘ಪರವಡಣಾರಿ’ ಎಂದು ಎಷ್ಟು ಸಲ ಹೇಳಿದ್ದರೂ ಅದನ್ನು ಚದರ ಮೀಟರಿನಲ್ಲಿ ಬರೆದುಕೊಡಿ ಎಂದಾಗ ಅವನ ಪ್ರತಿನಿಧಿ ಕೇಳಿ ಹೇಳುತ್ತೇನೆ ಎಂದ. ಮೂರನೆಯ ಸಭೆಯ ಹೊತ್ತಿಗೆ ಎರಡು ಮತ್ತು ಮೂರನೇ ಷರತ್ತುಗಳಿಗೆ ಒಪ್ಪಿ ಬಂದ. ಸಹಿಗಳು 19ಕ್ಕೆ ಏರಿದವು. ಇನ್ನೂ ಐದು ಬೇಕು. ಮೊದಲನೆಯದರ ಮೇಲೆ ಎಳೆದಾಟ ನಡೆದೇ ಇದೆ.

ಈ ಐದು ಸಹಿಗಳಿಗಾಗಿ ಇನ್ನೂ ಎಷ್ಟು ಭಾನುವಾರ ಹೋಗುತ್ತವೋ. ಒಪ್ಪುವವರು, ಒಪ್ಪದವರು ಎಲ್ಲರಿಗೂ ಆಗಲೇ ಮನೆಯಿದೆ. ನೀರಿನ ಬಗ್ಗೆ, ರಸ್ತೆಯ ಬಗ್ಗೆ ಅವರು ಕೇಳುವುದು ನ್ಯಾಯ. ಕಟ್ಟುವವನನ್ನು ನಂಬದಿರುವುದಕ್ಕೂ ಕಾರಣಗಳಿವೆ. ಆದರೆ 80ರಲ್ಲಿ 28 ಕಳೆದರೆ 52. ಆ 52 ಕುಟುಂಬಗಳು ಈಗ ಈ ಊರಿನಲ್ಲೇ ಎಲ್ಲೋ ಇವೆ. ತಿಂಗಳ ಮೊದಲ ವಾರ ಬಾಡಿಗೆ ಕಟ್ಟುತ್ತವೆ, ಹನ್ನೊಂದು ತಿಂಗಳಿಗೊಮ್ಮೆ ಕರಾರು ನವೀಕರಿಸುತ್ತವೆ, ಹೆಚ್ಚಾದ ಬಾಡಿಗೆಗೆ ಸಾಮಾನು ಕಟ್ಟಿ ಇನ್ನೊಂದು ಬಡಾವಣೆಗೆ ಹೋಗುತ್ತವೆ. ಯಾವ ಸಭೆಯ ನೋಟಿಸೂ ಅವರಿಗೆ ಬರುವುದಿಲ್ಲ. 14ನೇ ಕಲಮು ಕೊಂಡವರನ್ನು ಮಾತ್ರ ಎಣಿಸುತ್ತದೆ, ಮುಂದೆ ಕೊಳ್ಳಬೇಕೆಂದಿರುವವರನ್ನು ಅಲ್ಲ. ಅವರಲ್ಲಿ ಒಬ್ಬಳಿಗೆ ಮಾತ್ರ ಸಭೆಯಲ್ಲಿ ಕೂತವರೊಬ್ಬರ ಫೋನ್ ನಂಬರ್ ಗೊತ್ತಿತ್ತು.